ಮಗಳಿಗೊಂದು ಪತ್ರ: ಆ ಬೋರ್ಡು ಹಾಕಿದ್ದು ನಾನೇ

ಕೂಸೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಊಟ ಮಾಡಿ ಮಲಗು, ನಾಳೆ ಮಾತಾಡೋಣ ಅಂತ ಇಟ್ಟುಬಿಟ್ಟೆ. ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಅದಕ್ಕೇ ಬರೀತಿದ್ದೇನೆ.

ಆ ಜ್ಯೂಸಿಗೆ ಇಟ್ಟ ಡಬಲ್ ಮೀನಿಂಗ್ ಹೆಸರು ಬೇಡ ಅಂತ ನಿಮ್ಮ ಆಫೀಸಿನ ಮೀಟಿಂಗಿನಲ್ಲಿ ನೀನೊಬ್ಬಳೇ ಹೇಳಿದೆ, ಎಲ್ಲರೂ ನಕ್ಕರು, "ನಾವು ಹಣ್ಣಿನ ಬಗ್ಗೆ ಬರೆದಿದ್ದು, ನಿನ್ನ ತಲೆಯಲ್ಲಿ ಏನೇನೋ ಓಡುತ್ತೆ" ಅಂದರು. ಆಮೇಲೆ ನೀನು ನನ್ನ ಕೇಳಿದೆ, "ಅಪ್ಪಯ್ಯ, ನಂದೇ ತಪ್ಪಾ?"

ನಿಂದು ತಪ್ಪಲ್ಲ. ಅದನ್ನು ಅವತ್ತೇ ಹೇಳಬೇಕಿತ್ತು. ಹೇಳೋಕಾಗದೇ ಇದ್ದದ್ದು ಯಾಕೆ ಅಂದರೆ, ನೀನು ಹೇಳುವಾಗ ನನಗೆ ನಮ್ಮ ಅಂಗಡಿಯ ಬೋರ್ಡು ನೆನಪಾಯಿತು.

ನಿನಗೂ ನೆನಪಿರುತ್ತೆ. ನೀನು ಪಿಯುಸಿ ಓದುವಾಗ ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು, ಮಾಡುವ ಕಂಪನಿಯವರು ತಂದು ಹಾಕಿದ್ದು, ಬಾಗಿಲ ಪಕ್ಕದಲ್ಲೇ. ಅಡಿಕೆ ಮರ ಹತ್ತೋಕೆ ಆಳು ಸಿಗದೆ ಎಲ್ಲರೂ ಕಾರ್ಬನ್ ಫೈಬರ್ ದೋಟಿ ಕಡೆ ತಿರುಗಿದ ಕಾಲ ಅದು. ಬೋರ್ಡಿನ ತುಂಬ ಒಬ್ಬ ಹುಡುಗಿ, ಅವಳ ಕೈಯಲ್ಲಿ ದೋಟಿ, ಕೆಳಗೆ ಎರಡು ಸಾಲು. ಸಾಲು ಮಾತ್ರ ಓದಿದರೆ ಅದು ಕೋಲಿನ ಉದ್ದದ ವಿಷಯ. ಆ ಚಿತ್ರ ನೋಡಿಕೊಂಡು ಓದಿದರೆ ಬೇರೆಯೇ. ದೋಟಿಗೆ ಇಟ್ಟ ಹೆಸರೂ ಅಂಥದ್ದೇ, ಇಲ್ಲಿ ಬರೆಯಲ್ಲ. ನಾನು ಒಂದು ಸಲ ನೋಡಿದೆ, ಕಂಪನಿಯವರ ಗಿಮಿಕ್ಕು ಅಂದುಕೊಂಡೆ, ಸುಮ್ಮನಾದೆ.

ನೀನು ಅಂಗಡಿಗೆ ಬರೋದು ಬಿಟ್ಟಿದ್ದು ಆ ಮಳೆಗಾಲದಲ್ಲಿ. ಅದಕ್ಕೆ ಮೊದಲು ಕಾಲೇಜು ಬಿಟ್ಟ ಮೇಲೆ ಬಂದು, ಮೈಲುತುತ್ತದ ಚೀಲದ ಮೇಲೆ ಕೂತು ಬಿಲ್ ಬರೆದುಕೊಡುತ್ತಿದ್ದವಳು ನೀನು. ಓದು ಜಾಸ್ತಿ ಇರಬೇಕು ಅಂತ ನಾನು ತಿಳಿದೆ. ಎದುರಿನ ಬಸ್ ಸ್ಟಾಪಿನಲ್ಲಿ ಹುಡುಗರು ಆ ಎರಡು ಸಾಲನ್ನು ನಿಮ್ಮನ್ನು ನೋಡಿಕೊಂಡು ಗಟ್ಟಿಯಾಗಿ ಓದುತ್ತಿದ್ದರು ಅಂತ ನಿನ್ನ ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ನಿನ್ನ ಅಪ್ಪನ ಅಂಗಡಿಯ ಬೋರ್ಡಿನ ಸಾಲು ಅದು. ನೀನು ಯಾರ ಹತ್ತಿರ ದೂರು ಹೇಳಬೇಕಿತ್ತು?

ನನ್ನ ಕಣ್ಣು ತೆರೆಸಿದ್ದು ಒಂದು ಚೀಟಿ. 2022ರ ಮೇ ತಿಂಗಳು, ಮಳೆ ಹಿಡಿಯೋಕೆ ಮೊದಲು. ಆನಂದಪುರದ ಕಡೆಯಿಂದ ಒಬ್ಬರು ಅಕ್ಕ ಬಂದರು. ಗಂಡ ತೀರಿಕೊಂಡ ಮೇಲೆ ಎರಡು ಎಕರೆ ತೋಟ ಒಬ್ಬರೇ ನೋಡಿಕೊಳ್ಳುವವರು. ಅಡಿಕೆಯ ಕೊಳೆ ರೋಗದ ಔಷಧಿಗೆ ಬೇಕಾದ್ದೆಲ್ಲ ಬಾಯಲ್ಲೇ ಹೇಳಿದರು, ಮೈಲುತುತ್ತ ಇಷ್ಟು, ಸುಣ್ಣ ಇಷ್ಟು, ರಾಳ ಇಷ್ಟು. ಆಮೇಲೆ ಅಂಗಡಿಯಲ್ಲಿದ್ದ ಗಂಡಸರನ್ನು ಒಂದು ಸಲ ನೋಡಿ, ಮಡಚಿದ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಸರಿಸಿದರು. ಅದರಲ್ಲಿ "ಉದ್ದ ಕೋಲು, 60 ಅಡಿಯದ್ದು" ಅಂತ ಬರೆದಿತ್ತು. ಎಷ್ಟೋ ಸಾವಿರ ರೂಪಾಯಿ ಕೊಟ್ಟು ಕೊಳ್ಳುವ ಸಾಮಾನಿನ ಹೆಸರನ್ನು ಬಾಯಿಬಿಟ್ಟು ಹೇಳೋಕಾಗದೆ ಒಬ್ಬ ಹೆಂಗಸು ಚೀಟಿ ಬರೆದುಕೊಂಡು ಬರಬೇಕಾಯಿತು. ನನ್ನ ಕೆಲಸದ ಹುಡುಗ ಅಲ್ಲಿಂದಲೇ ಆ ಹೆಸರು ಕೂಗಿ "ಅದಾ ಅಕ್ಕಾ?" ಅಂದ. ಅವರು ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದಿನ ತಿಂಗಳೇ ಟಿವಿಯಲ್ಲಿ ಆ ಲೇಯರ್ ಶಾಟ್ ಸುದ್ದಿ ಬಂತು, ಸೆಂಟಿನ ಜಾಹೀರಾತು. ಅಂಗಡಿಯಲ್ಲಿ ನಾಲ್ಕು ಹುಡುಗರು, ಮುಂದೆ ಒಬ್ಬಳೇ ಹುಡುಗಿ. ನಾವು ನಾಲ್ಕು ಜನ, ಇರೋದು ಒಂದು, ಶಾಟ್ ಯಾರಿಗೆ ಅಂತ ಮಾತಾಡಿಕೊಳ್ಳುತ್ತಾರೆ. ಅವಳು ಹೆದರಿ ತಿರುಗಿ ನೋಡುತ್ತಾಳೆ. ಆಮೇಲೆ ಗೊತ್ತಾಗುತ್ತೆ, ಅವರು ಹೇಳಿದ್ದು ಶೆಲ್ಫಿನಲ್ಲಿದ್ದ ಬಾಟಲಿಯ ಬಗ್ಗೆ ಅಂತೆ. ಹೆದರಿದ್ದು ಅವಳ ತಪ್ಪು ಅನ್ನೋ ಹಾಗೆ! ಜನ ಸಿಟ್ಟಾಗಿ ಬರೆದರು, ದೆಹಲಿ ಮಹಿಳಾ ಆಯೋಗ ದನಿ ಎತ್ತಿತು, ಕೇಂದ್ರ ಸರ್ಕಾರ ಟ್ವಿಟರ್ ಮತ್ತು ಯೂಟ್ಯೂಬಿಗೆ ಅದನ್ನು ತೆಗೆಯಿರಿ ಅಂತ ಹೇಳಿತು, ಕಂಪನಿ ಕ್ಷಮೆ ಕೇಳಿತು.

ಡಬಲ್ ಮೀನಿಂಗ್ ಕೆಲಸ ಮಾಡೋದು ಹೀಗೆ ಅಂತ ನನಗೆ ಹೊಳೆದದ್ದು ಅವತ್ತು. ಹೇಳಿದವನಿಗೆ ತಪ್ಪಿಸಿಕೊಳ್ಳೋಕೆ ಒಂದು ಅರ್ಥ ಇದ್ದೇ ಇರುತ್ತೆ. ಚುಚ್ಚಿಸಿಕೊಂಡವಳು ಬಾಯಿ ಬಿಟ್ಟರೆ ಅವಳ ಮನಸ್ಸೇ ಕೊಳಕು ಅಂತಾಗುತ್ತೆ. ನಿನ್ನ ಮೀಟಿಂಗಿನಲ್ಲಿ ಆಗಿದ್ದೂ ಅದೇ ಅಲ್ವಾ? ಬೋರ್ಡು ಇಳಿಸಿ ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡಿದಾಗ ನನಗೂ ಅದನ್ನೇ ಹೇಳಿದರು. "ಸಾರ್, ಅದು ದೋಟಿ ಬಗ್ಗೆ ಇರೋದು, ನೀವೇ ತಪ್ಪು ತಿಳ್ಕೊಂಡ್ರಿ." ಹಾಗಾದರೆ ಆ ಹೆಸರನ್ನು ನಿಮ್ಮ ಮನೆಯಲ್ಲಿ ತಾಯಿ ಮುಂದೆ ಗಟ್ಟಿಯಾಗಿ ಹೇಳಿ ನೋಡಿ ಅಂದೆ. ಫೋನ್ ಇಟ್ಟರು.

ಆಮೇಲೆ ಒಂದಿಷ್ಟು ಓಡಾಡಿದೆ. ಇಲ್ಲಿ ದೋಟಿ ಮಾರುವ ಏಳು ಅಂಗಡಿಯಲ್ಲಿ ಮೂವರು ಒಪ್ಪಿ ಬೋರ್ಡು ಇಳಿಸಿದರು, ಉಳಿದವರಿಗೆ ಕಮಿಷನ್ ಮುಖ್ಯವಾಯಿತು. ಸ್ತ್ರೀಶಕ್ತಿ ಸಂಘದವರು ಸಹಿ ಹಾಕಿಕೊಟ್ಟರು, ಮೊದಲ ಸಹಿ ಆ ಅಕ್ಕನದ್ದೇ. ಬೋರ್ಡಿನ ಫೋಟೋ, ಲೇಬಲ್ಲಿನ ಫೋಟೋ ಇಟ್ಟು ಕಂಪನಿಗೂ ಬರೆದೆವು, ಮುಂಬೈಯ ಜಾಹೀರಾತು ಮಂಡಳಿಗೂ ಬರೆದೆವು. ಮುಂದಿನ ವರ್ಷದ ಮಾಲಿನಲ್ಲಿ ಹುಡುಗಿಯ ಚಿತ್ರ ಇರಲಿಲ್ಲ. ಹೆಸರು ಹಾಗೇ ಇದೆ. ನಾನು ಆ ದೋಟಿ ತರಿಸೋದು ಬಿಟ್ಟೆ, ಆ ಸೀಸನ್ನಿನಲ್ಲಿ ವ್ಯಾಪಾರಕ್ಕೆ ಪೆಟ್ಟು ಬಿದ್ದಿದ್ದು ನಿಜ.

ಆಗ ತಿಳಿದುಕೊಂಡದ್ದು ನಿನಗೂ ಕೆಲಸಕ್ಕೆ ಬರುತ್ತೆ. ಆಸ್ಕಿ ಅನ್ನೋ ಆ ಮಂಡಳಿ 1985ರಿಂದ ಇದೆ. ಜಾಹೀರಾತಿನವರೇ ತಮಗೆ ತಾವೇ ಮಾಡಿಕೊಂಡದ್ದು, ಕೋರ್ಟ್ ಅಲ್ಲ. ಆದರೂ 2022ರ ಜೂನಿನಲ್ಲೇ ಅವರು ಒಂದು ನಿಯಮ ತಂದಿದ್ದಾರೆ, ನೋಡುವವರನ್ನು ಕೆರಳಿಸೋಕೆ ಅಂತ ಯಾರನ್ನೂ ಭೋಗದ ವಸ್ತುವಿನ ಹಾಗೆ ತೋರಿಸಬಾರದು ಅಂತ. ಮಹಿಳೆಯರನ್ನು ಅಸಭ್ಯವಾಗಿ ತೋರಿಸೋದನ್ನು ತಡೆಯುವ 1986ರ ಕಾಯ್ದೆಯಲ್ಲಿ ಜಾಹೀರಾತು ಅಂದರೆ ಲೇಬಲ್ಲು, ಹೊದಿಕೆ ಕಾಗದ ಕೂಡ ಸೇರುತ್ತೆ. ಹೆಸರಿನ ವಿಷಯಕ್ಕೆ ಬಂದರೆ, ಅಶ್ಲೀಲವಾದದ್ದನ್ನು ಟ್ರೇಡ್‌ಮಾರ್ಕ್ ಮಾಡಿಕೊಡಬಾರದು ಅಂತ 1999ರ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿದೆ. ಎರಡರ್ಥದ ಮಾತೆಲ್ಲ ಇದರಲ್ಲಿ ಸಿಕ್ಕಿಬೀಳುತ್ತೆ ಅಂತಲ್ಲ. ಆದರೆ ಮುಂದಿನ ಮೀಟಿಂಗಿನಲ್ಲಿ ಇದನ್ನು ಮೇಜಿನ ಮೇಲಿಡು. ಅಂಗಡಿ ಕಟ್ಟೆ ಮುಂದೆ ನಿಂತು ಒಬ್ಬ ಹೆಂಗಸು ಆ ಜ್ಯೂಸನ್ನು ಹೆಸರು ಹೇಳಿ ಕೇಳಬಲ್ಲಳಾ ಅಂತಲೂ ಕೇಳು. ಕೆಲಸಕ್ಕೆ ಕುತ್ತು ಬಂದರೆ ಬರಲಿ, ಮನೆ ಇದೆ, ನಾವಿದ್ದೇವೆ.

ಇನ್ನೊಂದು. ನಿನ್ನ ಹತ್ತಿರ ಇದುವರೆಗೂ ನಾನು ಕ್ಷಮೆ ಕೇಳಿಲ್ಲ. ಆ ಬೋರ್ಡು ಅಷ್ಟು ದಿನ ಇದ್ದದ್ದಕ್ಕೆ, ನೀನು ಅಂಗಡಿ ಬಿಟ್ಟಾಗ ಯಾಕೆ ಅಂತ ಒಂದು ಮಾತು ಕೇಳದೇ ಇದ್ದದ್ದಕ್ಕೆ, ಕ್ಷಮಿಸು ಮಗಳೇ.

ಭೂಮಿ ಹುಣ್ಣಿಮೆಗೆ ಬರ್ತೀನಿ ಅಂದಿದ್ದೀಯ. ಕೊಯ್ಲಿನ ಸಮಯ, ಅಂಗಡಿಯಲ್ಲಿ ಜನ ಜಾಸ್ತಿ ಇರುತ್ತಾರೆ. ಒಂದು ಸಂಜೆ ಬಂದು ಬಿಲ್ ಬರೆದುಕೊಡ್ತೀಯಾ?

ನಿನ್ನ ಅಪ್ಪಯ್ಯ
ಸಾಗರ