ಜೆರಾಕ್ಸ್ ಅಂಗಡಿಯಲ್ಲಿ ಉಳಿದುಹೋಗುವ ಆಧಾರ್

ಸಂಪಾದಕರಿಗೆ,

ನನ್ನದು ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ. ಎಲ್ಲಾ ಮೊಬೈಲಿನಲ್ಲೇ ಆಗುವಾಗ ನಿಮಗೆಲ್ಲಿ ವ್ಯಾಪಾರ ಎಂದು ಕೇಳುವವರಿದ್ದಾರೆ. ಸರ್ಕಾರದ ಕೆಲಸ ಆನ್‌ಲೈನ್ ಆದಮೇಲೆಯೇ ನನಗೆ ಗಿರಾಕಿಗಳು ಜಾಸ್ತಿ. ಅರ್ಜಿ ಆನ್‌ಲೈನಿನಲ್ಲಿ ಹಾಕಿಸಿ, ಆಮೇಲೆ ಅದರ ಪ್ರಿಂಟಿಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್ ಪಿನ್ ಹೊಡೆದು ತನ್ನಿ ಅಂತಾರೆ!

ಈಗ ಕಾರ್ಡ್ ಹಿಡಿದು ಬರುವವರು ಕಮ್ಮಿ. ಅಂಗಡಿ ನಂಬರಿಗೆ ವಾಟ್ಸಾಪ್ ಮಾಡಿ ‘ಅಣ್ಣ, ಎರಡು ಕಾಪಿ’ ಅಂತಾರೆ. ಕಂಪ್ಯೂಟರಿಗೆ ಇಳಿಸಿಕೊಂಡು ಪ್ರಿಂಟ್ ಕೊಡುತ್ತೇನೆ. ಕಾಗದ ಅವರ ಜೊತೆ ಹೋಗುತ್ತದೆ, ಫೈಲು ನನ್ನ ಹತ್ತಿರವೇ. ಸಂಜೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಅಂಕಪಟ್ಟಿ, ಪಹಣಿ, ಜಾತಿ ಸರ್ಟಿಫಿಕೇಟು, ಯಾರದೋ ಸ್ಕ್ಯಾನಿಂಗ್ ರಿಪೋರ್ಟು. ಬಾಗಿಲು ಹಾಕುವ ಮುಂಚೆ ಎಲ್ಲಾ ಅಳಿಸುತ್ತೇನೆ, ವಾಟ್ಸಾಪಿನಲ್ಲಿದ್ದದ್ದನ್ನೂ. ಅದಕ್ಕೂ ಬೈಗುಳ. ‘ಹೋದ ತಿಂಗಳು ಕಳಿಸಿದ್ನಲ್ಲ, ಅದನ್ನೇ ತೆಗೀರಿ’ ಅಂತ ಬರುತ್ತಾರೆ. ಇಲ್ಲ ಅಂದರೆ, ಬೇರೆ ಅಂಗಡಿಯಲ್ಲಿ ಇಟ್ಟಿರ್ತಾರೆ ಅಂತ ಮುಖ ಸಿಂಡರಿಸುತ್ತಾರೆ. ಮಸುಕಾಗಿ ಬಂದ ಕಾಪಿಗಳದ್ದು ಇನ್ನೊಂದು ಕಥೆ. ಹರಿಯದೆ ರದ್ದಿಗೆ ಹಾಕುವವರಿದ್ದಾರೆ. ಸಂತೆಯಲ್ಲಿ ಕಡ್ಲೆಕಾಯಿ ಪೊಟ್ಟಣ ಬಿಚ್ಚಿದರೆ ಒಳಗೆ ಯಾರದೋ ಫೋಟೊ, ವಿಳಾಸ ಸಮೇತ.

ಸುಮ್ನೆ ಹೆದರಿಸುತ್ತಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಆಧಾರ್ ನಂಬರು, ಹೆಬ್ಬೆಟ್ಟಿನ ಗುರುತು ಬಳಸಿ ಜನರ ಖಾತೆಯಿಂದ ದುಡ್ಡು ಎತ್ತಿದ ಪ್ರಕರಣಗಳು ಪತ್ರಿಕೆಗಳಲ್ಲೇ ಬಂದಿದ್ದವು. ಆಧಾರ್ ಮೂಲಕ ಹಣ ತೆಗೆಯಲು ಒಟಿಪಿ ಕೇಳುವುದಿಲ್ಲ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳಚ್ಚು ಇದ್ದರೆ ಆಯಿತು. ಮೊದಲೆರಡು ನನ್ನ ಕಂಪ್ಯೂಟರಿಗೆ ದಿನಾ ಬಂದು ಬೀಳುತ್ತವೆ. ಹಳೆಯ ಕ್ರಯಪತ್ರ ಕಳಿಸಿದವರದ್ದು ಮೂರನೆಯದೂ!

ಆಧಾರ್ ಪ್ರಾಧಿಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ ಎಂದು ಅದರ ಬೆಂಗಳೂರು ಕಚೇರಿಯೇ 2022ರ ಮೇ 27ರಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು. ಮಾಸ್ಕ್ ಮಾಡಿದ ಆಧಾರ್ ಮಾತ್ರ ಅವರ ವೆಬ್‌ಸೈಟಿನಲ್ಲಿ ಈಗಲೂ ಸಿಗುತ್ತದೆ. ಕೇಳಿದವರಿಗೆ ನಾನೇ ತೆಗೆದುಕೊಡುತ್ತೇನೆ. ಒಬ್ಬ ಅಜ್ಜಿಗೆ ಹಾಗೆ ಕೊಟ್ಟೆ. ಕೌಂಟರಿನಲ್ಲಿ ‘ಪೂರ್ತಿ ನಂಬರ್ ಇರೋದು ತನ್ನಿ’ ಅಂದರಂತೆ. ಪಾಪ, ಬಿಸಿಲಲ್ಲಿ ವಾಪಸ್ ಬಂದರು.

ಕಾರ್ಡಿನ ಮೇಲಿನ ಕ್ಯೂಆರ್ ಕೋಡನ್ನು ಪ್ರಾಧಿಕಾರದ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಅಲ್ಲೇ ತಿಳಿಯುತ್ತದೆ. ಜೆರಾಕ್ಸ್ ನೋಡಿ ಅದನ್ನು ಹೇಳಲಾಗದು, ಅಲ್ವಾ? ಪೂರ್ತಿ ನಂಬರು ಯಾವ ಯಾವ ಕೆಲಸಕ್ಕೆ ಬೇಕೇ ಬೇಕು, ಯಾವುದಕ್ಕೆ ಬೇಡ ಎಂದು ಪ್ರತಿ ಕೌಂಟರಿನ ಮುಂದೆ ಕನ್ನಡದಲ್ಲಿ ಬೋರ್ಡ್ ಹಾಕಿಸಲಿ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ವಾರದ ಕೆಲಸ. ನನ್ನ ವ್ಯಾಪಾರ ಇಳಿಯುತ್ತದೆ, ಗೊತ್ತು. ಲ್ಯಾಮಿನೇಷನ್ನು, ಮದುವೆ ಕಾರ್ಡು ಇದ್ದೇ ಇದೆ.

— ಒಬ್ಬ ಜೆರಾಕ್ಸ್ ಅಂಗಡಿಯವ, ತಿಪಟೂರು