ಮನೋರೋಗ ವಾರ್ಡಿಗೆ ಹಬ್ಬ ಬರಲಿ, ದಾರ ಬೇಡ

ಮಾನ್ಯ ಸಂಪಾದಕರೇ,

ಗೌರಿ-ಗಣೇಶದಿಂದ ಕ್ರಿಸ್‌ಮಸ್‌ವರೆಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ಅಲಂಕಾರದ ಕಾಲ. ದಾನಿಗಳು, ಕಂಪನಿಗಳ ಸ್ವಯಂಸೇವಕರು, ರೋಗಿಗಳ ಮನೆಯವರು ತೋರಣ, ಸೀರಿಯಲ್ ಸೆಟ್, ಬಲೂನು ಹೊತ್ತು ತರುತ್ತಾರೆ. ಹೆರಿಗೆ ವಾರ್ಡಿಗೆ ಒಪ್ಪುವ ಅದೇ ಸಾಮಾನು ಮನೋರೋಗದ ಒಳರೋಗಿ ವಾರ್ಡಿಗೆ ಬಂದರೆ ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ತಲೆನೋವು. ಅದಕ್ಕೇ ಹಲವು ಕಡೆ ಸುಲಭದ ದಾರಿ ಹಿಡಿದಿದ್ದಾರೆ: ಏನೂ ಬೇಡ ಎಂದು ಬಾಗಿಲಿನಿಂದಲೇ ವಾಪಸ್ ಕಳಿಸುವುದು. ನಮ್ಮ ಪ್ರಕಾರ ಇದು ಸೋಮಾರಿತನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಸೆಕ್ಷನ್, ಸುರಕ್ಷಿತ ವಾತಾವರಣವನ್ನು ಹೇಳುವ ಉಸಿರಿನಲ್ಲೇ ವಿರಾಮ, ಮನರಂಜನೆ, ಧಾರ್ಮಿಕ ಆಚರಣೆಗೂ ತಕ್ಕಮಟ್ಟಿನ ಸೌಲಭ್ಯ ಇರಬೇಕು ಎನ್ನುತ್ತದೆ. ಊರೆಲ್ಲ ಚೆಂಡುಹೂವಿನಲ್ಲಿ ಮುಳುಗಿರುವಾಗ ಬೀಗ ಹಾಕಿದ ವಾರ್ಡಿನ ಗೋಡೆ ಮಾತ್ರ ಬೋಳಾಗಿದ್ದರೆ, ತಾವು ಯಾರ ಲೆಕ್ಕಕ್ಕೂ ಇಲ್ಲ ಎಂದು ಒಳಗಿದ್ದವರಿಗೆ ಅನಿಸದೆ ಇರುತ್ತದೆಯೇ?

ತನಗೆ ತಾನೇ ಹಾನಿ ಮಾಡಿಕೊಳ್ಳುವ ಅಪಾಯ ಇರುವವರು ಇಲ್ಲಿ ಇರುತ್ತಾರೆ. ಹಾಗಾಗಿ ಮೊದಲ ನಿಯಮ, ಏನನ್ನೂ ನೇತುಹಾಕಬಾರದು, ಗೋಡೆಗೆ ಚಪ್ಪಟೆಯಾಗಿ ಅಂಟಿಸಬೇಕು. ದಾರ, ವೈರು, ರಿಬ್ಬನ್, ಹೂಮಾಲೆ ಒಳಗೆ ಬರುವಂತಿಲ್ಲ. ಮಾವಿನ ತೋರಣವನ್ನೇ ನೋಡಿ. ಎಲೆ ಮಡಿಸಿ, ತೆಂಗಿನ ಕಡ್ಡಿಯ ಚೂರು ಚುಚ್ಚಿ ಅಥವಾ ಸ್ಟೇಪ್ಲರ್ ಹೊಡೆದು, ಹುರಿಗೆ ಪೋಣಿಸುವುದು ರೂಢಿ. ಎರಡನೇ ದಿನಕ್ಕೆ ಎಲೆ ಒಣಗಿ ಸುರುಟಿದಾಗ ಕಡ್ಡಿ, ಪಿನ್ನು ಉದುರುತ್ತವೆ, ಹುರಿ ಉಳಿಯುತ್ತದೆ. ಬದಲಿಗೆ ಹನ್ನೊಂದು ಎಲೆಗಳನ್ನು ಒರೆಸಿ ಒಣಗಿಸಿ, ಒಂದೊಂದನ್ನೂ ಎರಡು ತುಂಡು ಮಾಸ್ಕಿಂಗ್ ಟೇಪಿನಿಂದ ಬಾಗಿಲಿನ ಮೇಲಿನ ಗೋಡೆಗೆ ಅಂಟಿಸಿದರೆ ಮುಗಿಯಿತು. ನೋಡಲು ತೋರಣವೇ. ಕೆ.ಆರ್. ಮಾರುಕಟ್ಟೆಯಲ್ಲಿ ಮಾರುಗಟ್ಟಲೆ ಕಟ್ಟಿದ ಹೂ ಕೊಳ್ಳುವ ಬದಲು ಬಿಡಿ ಚೆಂಡುಹೂ, ಸೇವಂತಿಗೆ ಕೊಂಡರೆ ಎರಡು ಕೆಜಿಯಲ್ಲಿ ಇಡೀ ಹಾಲ್‌ನ ಕೆಲಸ ಆಗುತ್ತದೆ.

ಕ್ರೇಪ್ ಕಾಗದ ನೋಡಲು ಮೆದು, ಆದರೆ ಹೊಸೆದರೆ ಗಟ್ಟಿ, ಹಾಗಾಗಿ ಬೇಡ. ಹಳೆಯ ದಿನಪತ್ರಿಕೆಯನ್ನು ಎರಡು ಸೆಂ.ಮೀ. ಅಗಲ, ಹದಿನೈದು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಬಳೆಗಳನ್ನಾಗಿ ಅಂಟಿಸಿ, ಬಣ್ಣ ಬಳಿದು ಗೋಡೆಗೆ ಹಚ್ಚಬಹುದು. ಪರೀಕ್ಷೆ ಸುಲಭ: ಎರಡು ಬೆರಳಿನಲ್ಲಿ ಎಳೆದರೆ ಹರಿಯಬೇಕು. ಅಂಟಿಗೆ ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು, ಗಂಟಿಲ್ಲದಂತೆ ಕದಡಿ, ಬಿಳಿ ಬಣ್ಣ ಹೋಗಿ ಗಾಜಿನಂತೆ ಆಗುವವರೆಗೆ ಕಾಯಿಸಿ. ಪೋಸ್ಟರ್ ಹಚ್ಚುವವರು ಹುಳ ಬೀಳದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ವಾರ್ಡಿನ ಅಂಟಿಗೆ ಬೀಳಲೇಬಾರದು. ತುತ್ತವಿಲ್ಲದ ಅಂಟು ಬೇಗ ಹುಳಿ ಬರುತ್ತದೆ, ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿ. ಆಯಿಲ್ ಪೇಂಟ್ ಹೊಡೆದ ಗೋಡೆಗೆ ಮೈದಾ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಮಾಸ್ಕಿಂಗ್ ಟೇಪೇ ಗತಿ. ಆದರೆ ಟೇಪಿನ ಸುರುಳಿ ಮೇಜಿನ ಮೇಲೆ ಇರಬಾರದು, ಹಲ್ಲಿನ ಕಟರ್ ಅಂತೂ ಬೇಡವೇ ಬೇಡ. ಸ್ಟಾಫ್ ರೂಮಿನಲ್ಲೇ ಬೆರಳುದ್ದದ ತುಂಡುಗಳನ್ನು ಹರಿದು, ಸ್ಟೀಲ್ ಟ್ರೇ ಅಂಚಿಗೆ ಸಾಲಾಗಿ ಹಚ್ಚಿಕೊಂಡು ತರಬೇಕು. ಮೊಂಡು ತುದಿಯ ಕತ್ತರಿ ಆರು ಕೊಟ್ಟರೆ ಆರು ವಾಪಸ್ ಎಣಿಸಿಕೊಂಡ ಮೇಲೆಯೇ ಹಾಲ್‌ನ ಬಾಗಿಲು ತೆರೆಯಬೇಕು. ಗುಂಡುಪಿನ್, ಡ್ರಾಯಿಂಗ್ ಪಿನ್, ಸ್ಟೇಪ್ಲರ್ ಸುದ್ದಿಗೇ ಹೋಗಬೇಡಿ.

ಎಲ್ಲಕ್ಕಿಂತ ಫಜೀತಿಯ ಹಬ್ಬ ಆಯುಧಪೂಜೆ. ವರ್ಷವಿಡೀ ಬೀಗದೊಳಗೆ ಎಣಿಸಿಟ್ಟ ಡ್ರೆಸ್ಸಿಂಗ್ ಕತ್ತರಿ, ಅಡುಗೆಮನೆ ಚಾಕು, ಮೇಂಟೆನೆನ್ಸ್‌ನವರ ಸ್ಕ್ರೂಡ್ರೈವರ್, ತೋಟದ ಮಚ್ಚು ಅಂದು ಒಂದೇ ಮೇಜಿನ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ, ಅದೂ ಎಲ್ಲರೂ ಓಡಾಡುವ ಕಾರಿಡಾರಿನಲ್ಲಿ! ಈ ಪೂಜೆ ವಾರ್ಡಿನ ಹೊರಗೆ, ಸ್ಟೋರ್ ರೂಮಿನಲ್ಲಿ ನಡೆಯಲಿ. ಪೂಜೆಗೆ ಮುಂಚೆ ಒಂದು ಎಣಿಕೆ, ಆಮೇಲೆ ಒಂದು ಎಣಿಕೆ, ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಇಸಿಟಿ (ಅರಿವಳಿಕೆ ಕೊಟ್ಟು ಮೆದುಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವ ಚಿಕಿತ್ಸೆ) ಯಂತ್ರ, ಬಿ.ಪಿ. ಉಪಕರಣಕ್ಕೆ ಭಕ್ತಿ ಇದ್ದರೆ ಒಂದು ಹೂವಿಟ್ಟು ಕೈಮುಗಿಯಿರಿ, ಎಲೆಕ್ಟ್ರೋಡಿಗೆ ಗಂಧ ಮೆತ್ತಬೇಡಿ. ಬೂದುಗುಂಬಳವನ್ನು ವಾರ್ಡಿನ ಮೆಟ್ಟಿಲ ಮೇಲೆ ಒಡೆಯುವುದು ಬೇಡ. ಕುಂಕುಮ ಬೆರೆತ ತಿರುಳು ರಕ್ತದಂತೆ ಕಂಡು ಹೆದರಿದವರನ್ನು ಸಮಾಧಾನ ಮಾಡಲು ಮಧ್ಯಾಹ್ನವೇ ಹೋಗುತ್ತದೆ, ಜಾರಿ ಬೀಳುವ ಭಯ ಬೇರೆ. ಬಾಳೆಕಂದು ಹೊರಗಿನ ಗೇಟಿಗೆ ಕಟ್ಟಿದರೆ ಸಾಕು. ಬೆಳಗ್ಗೆಯೇ ಕಡ್ಲೆಪುರಿ ಹಂಚುವವರಿಗೆ ಇನ್ನೊಂದು ಮಾತು: ಅಂದು ಇಸಿಟಿ ಇರುವವರು ಅರಿವಳಿಕೆಗಾಗಿ ಹೊಟ್ಟೆ ಖಾಲಿ ಇಟ್ಟಿರುತ್ತಾರೆ. ಒಂದು ಹಿಡಿ ಪುರಿ ತಿಂದರೂ ಚಿಕಿತ್ಸೆ ಮುಂದೂಡಬೇಕಾಗುತ್ತದೆ. ಮಾತ್ರೆಯ ಮಂಪರಿನಲ್ಲಿ ಇರುವವರಿಗೆ ಒಣಪುರಿ ಗಂಟಲಿಗೆ ಸಿಕ್ಕಿಕೊಳ್ಳಲೂಬಹುದು.

ದೀಪಾವಳಿಗೆ ಎಣ್ಣೆ ದೀಪದ ಬದಲು ಬ್ಯಾಟರಿ ದೀಪ ತಂದಿದ್ದೇವೆ, ಇನ್ನೇನು ಭಯ ಎನ್ನುವವರಿದ್ದಾರೆ. ಚಿಕ್ಕಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಆ ಪ್ಲಾಸ್ಟಿಕ್ ದೀಪದ ತಳ ತಿರುಗಿಸಿ ನೋಡಿ. ಸಿಆರ್ 2032 ಎಂಬ, ನಾಣ್ಯದಂಥ ಬ್ಯಾಟರಿ, ಉಗುರಿನಲ್ಲೇ ತೆರೆಯಬಹುದಾದ ಮುಚ್ಚಳ. ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆ ಸುಡಲು ಶುರುವಾಗುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪ ಬೇಡ. ಕರ್ಪೂರವನ್ನೂ ಮರೆಯಬೇಡಿ, ನುಂಗಿದರೆ ಫಿಟ್ಸ್ ಬರಿಸುತ್ತದೆ. ನಿಜವಾದ ದೀಪವೇ ಬೇಕೆಂದರೆ ವಾರ್ಡಿನ ಬಾಗಿಲಾಚೆ ಸ್ಟಾಫ್ ಒಂದು ಹಚ್ಚಲಿ, ಎಲ್ಲರೂ ನೋಡಲಿ, ಹಚ್ಚಿದವರೇ ನಂದಿಸಿ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ಹೋಗಲಿ. ಸ್ಯಾನಿಟೈಸರ್ ಬಾಟಲಿ ಹತ್ತಿರ ಇಲ್ಲವೆಂದು ಮೊದಲು ನೋಡಿಕೊಳ್ಳಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ನಮ್ಮ ವಾರ್ಡುಗಳಲ್ಲಿ ಸರಪಳಿ ಇಲ್ಲ, ಆದರೆ ಬೀಗ ಇದೆ. ಹೊರಹೋಗುವ ದಾರಿಯ ಗೋಡೆಗೆ ಕಾಗದ, ಥರ್ಮೋಕೋಲ್ ಏನೂ ಇರಬಾರದು.

ಮಿಣುಕುವ ದೀಪವೂ ಬೇಡ, ಅದರ ಕಾರಣ ಬೇರೆ: ಮಿಣುಕುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರಬಹುದು. ಇಲ್ಲಿ ಕೊಡುವ ಕ್ಲೋಜಪಿನ್‌ನಂಥ ಕೆಲವು ಔಷಧಗಳು ಆ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮೇನಿಯಾದಲ್ಲಿ (ಉತ್ಸಾಹ, ಚಡಪಡಿಕೆ ಮಿತಿಮೀರುವ ಸ್ಥಿತಿ) ಇರುವವರಿಗೆ ಮೊದಲೇ ನಿದ್ದೆ ಇಲ್ಲ, ಬೆಳಕು ಕುಣಿಯುತ್ತಿದ್ದರೆ ಇನ್ನಷ್ಟು ಕೆರಳುತ್ತಾರೆ. ಮುಖವಾಡ, ಕಣ್ಣು ಕೆಕ್ಕರಿಸಿದ ದೃಷ್ಟಿಬೊಂಬೆ, ಕನ್ನಡಿ ಚೂರಿನ ಹಸೆ ಕೂಡ ಬೇಡ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಸಂಶಯದಲ್ಲಿ ಇರುವವರಿಗೆ ಅದು ಸಾಕ್ಷಿಯೇ ಆಗಿಬಿಡುತ್ತದೆ. ಬಲೂನು ಒಡೆದ ಸದ್ದಿಗೆ ಬೆಚ್ಚುವವರು ಎಷ್ಟೋ ಮಂದಿ.

ರಂಗೋಲಿಪುಡಿ ಕಣ್ಣಿಗೆ ಬೀಳುತ್ತದೆ, ಗ್ರಾನೈಟ್ ನೆಲದಲ್ಲಿ ಜಾರಿಸುತ್ತದೆ. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆಯಿರಿ, ಗೆರೆ ಒಣಗಿದ ಮೇಲೆ ಅಚ್ಚ ಬಿಳಿ. ಲಿಥಿಯಂ ಮತ್ತಿತರ ಮಾತ್ರೆಗಳಿಂದ ಕೈ ನಡುಗುವವರಿಗೆ ಒತ್ತೊತ್ತಾದ ಚುಕ್ಕಿ ಬಳ್ಳಿ ಬರೆಯುವುದು ಕಷ್ಟ, ಅರ್ಧಕ್ಕೇ ಬೇಸರವಾಗಿ ಎದ್ದು ಹೋಗುತ್ತಾರೆ. ಐದು ಚುಕ್ಕಿ, ಐದು ಸಾಲು, ಚುಕ್ಕಿಗಳ ನಡುವೆ ಗೇಣಿಗೆ ತುಸು ಕಡಿಮೆ ಅಂತರ, ದಪ್ಪ ಸೀಮೆಸುಣ್ಣ. ಒಳಗೆ ಬಿಡಿ ಹೂವಿನ ಎಸಳು ತುಂಬಲು ಎಲ್ಲರ ಕೈಗೂ ಆಗುತ್ತದೆ. ರಾಜ್ಯೋತ್ಸವಕ್ಕೂ ಇದೇ ಉಪಾಯ: ಕೋಲಿನ ಬಾವುಟ ಬೇಡ, ಹಳದಿ ಚೆಂಡುಹೂ ಮತ್ತು ಕೆಂಪು ಗುಲಾಬಿ ಎಸಳಿನಲ್ಲಿ ನೆಲದ ಮೇಲೆಯೇ ಧ್ವಜ ಅರಳಿಸಬಹುದು.

ಡಿಸೆಂಬರಿನಲ್ಲಿ ತಂತಿಯ ಪ್ಲಾಸ್ಟಿಕ್ ಮರ, ಗಾಜಿನ ಗುಂಡು, ಹತ್ತಿಯ ಹಿಮ ಬರುತ್ತವೆ. ಹಸಿರು ಕಾಗದದ ಮರ ಗೋಡೆಯ ಮೇಲಿದ್ದರೆ ಸಾಕು. ವ್ಯಸನಮುಕ್ತಿ ವಾರ್ಡಿನಲ್ಲಿ ವೈನ್ ಗ್ಲಾಸಿನ ಹೊಸವರ್ಷದ ಚಿತ್ರ ಅಂಟಿಸುವವರಿಗೆ ಏನು ಹೇಳೋಣ! ಕುಡಿತ ಬಿಡಲು ಕೊಡುವ, ಮದ್ಯ ತಾಗಿದರೆ ಮೈಗೆ ತೊಂದರೆ ಕೊಡುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುವವರಿಗೆ ರಮ್ ಹಾಕಿದ ಪ್ಲಮ್ ಕೇಕ್ ಕೊಡುವುದಂತೂ ಅಪಾಯ.

ನರ್ಸಿಂಗ್ ಸ್ಟೇಷನ್ನಿನ ಗಾಜು, ಕೋಣೆ ಬಾಗಿಲಿನ ಕಿಂಡಿ, ಕ್ಯಾಮೆರಾ ಇವುಗಳ ಮೇಲೆ ಒಂದು ನಕ್ಷತ್ರವನ್ನೂ ಹಚ್ಚಬೇಡಿ. ಹಬ್ಬ ಕಳೆದ ಮೂರನೇ ದಿನಕ್ಕೆ ಎಲ್ಲ ತೆಗೆಯಿರಿ, ದಿನ-ತಿಂಗಳ ಲೆಕ್ಕ ತಪ್ಪಿದವರಿಗೆ ಫೆಬ್ರುವರಿಯ ಗೋಡೆಯಲ್ಲಿ ಕ್ರಿಸ್‌ಮಸ್ ಇದ್ದರೆ ಗೊಂದಲ ಇನ್ನೂ ಹೆಚ್ಚು. ಅಲಂಕಾರ ಹಾಲ್‌ಗೆ ಸೀಮಿತವಾಗಿರಲಿ, ಮಂಚದ ಬಳಿ ಬೇಡ. ಹಬ್ಬ ಬೇಡ ಅನಿಸಿದವರಿಗೆ ಮುಖ ತಿರುಗಿಸಿಕೊಂಡು ಮಲಗಲು ಒಂದು ಜಾಗ ಉಳಿಯಲಿ.

ದಾನಿಗಳಲ್ಲಿ ವಿನಂತಿ: ಸಿದ್ಧ ಅಲಂಕಾರ ತರಬೇಡಿ, ಮಾಡಿಕೊಳ್ಳುವ ಸಾಮಾನು ಕೊಡಿ. ಬಣ್ಣದ ಎ4 ಹಾಳೆ, ಮೇಣದ ಕ್ರೆಯಾನ್, ಮೊಂಡು ಕತ್ತರಿ, ಮಾಸ್ಕಿಂಗ್ ಟೇಪ್, ಹಬ್ಬದ ಹಿಂದಿನ ಸಂಜೆ ಬಿಡಿ ಹೂ. ಒಂದು ವಾರ ಮುಂಚೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಿ ಕೇಳಿ. ಬರುವಾಗ ಫೋಟೋಗ್ರಾಫರ್‌ನನ್ನು ಕರೆತರಬೇಡಿ. ಚಿಕಿತ್ಸೆಯಲ್ಲಿ ಇರುವವರ ಒಪ್ಪಿಗೆ ಇಲ್ಲದೆ ಅವರ ಫೋಟೋವನ್ನು ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಗೋಡೆಯ ಮೇಲಿನ ಮಾವಿನೆಲೆಯ ಫೋಟೋ ಬೇಕಿದ್ದರೆ ನಾವೇ ತೆಗೆದು ಕಳಿಸುತ್ತೇವೆ.

– ಮನೋರೋಗ ವಾರ್ಡುಗಳ ಕೆಲವು ಸ್ಟಾಫ್ ನರ್ಸ್‌ಗಳು ಮತ್ತು ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಬೆಂಗಳೂರು