ಭಾನುವಾರದವರೆಗೆ ಕಾಯಬೇಡ

ಮಗಳೇ,

ಫೋನ್ ಕಟ್ ಮಾಡಿದವಳು ಮತ್ತೆ ತೆಗೆಯುತ್ತಿಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಓದ್ತೀನಿ ಅನ್ನಬೇಡ, ಈಗಲೇ ಓದು.

"ಹೊಸ ಮನೆ ಅಂತ ಬಂಟಿಗೆ ಮುನಿಸು, ಊಟ ಬಿಟ್ಟಿದ್ದಾನೆ. ಹೊಟ್ಟೆ ಕಟ್ಟಿರಬೇಕು, ಸುಮ್ನೆ ಸುಮ್ನೆ ಟ್ರೇಗೆ ಹೋಗಿ ಕೂರ್ತಾನೆ. ಭಾನುವಾರ ತೋರಿಸ್ತೀನಿ" ಅಂದೆ ನೀನು. ನನಗೆ ಕೇಳಿಸಿದ್ದು ಬೆಕ್ಕು ಉಚ್ಚೆ ಹೊಯ್ಯೋ ಆ ಮರಳಿನ ಟ್ರೇ ಮಾತೊಂದೇ. ಜೋರು ಮಾಡಿದ್ದೂ ಅದಕ್ಕೇ.

ನಮ್ಮ ಹಳೇ ಬೆಕ್ಕು ಕರಿಯ ಸತ್ತು ಹೋದಾಗ ನೀನು ಹಾಸ್ಟೆಲಿನಲ್ಲಿದ್ದೆ. ನೋಡಿದವಳು ನಾನು. ಆಷಾಢದ ಮಳೆ. ಬಚ್ಚಲ ಒಲೆಯ ಬೂದಿ ಕೆರೆದು ಕೂರುತ್ತಿದ್ದ, ತಿಣುಕುತ್ತಿದ್ದ, ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಕೂರುತ್ತಿದ್ದ. ನೆಕ್ಕಿ ನೆಕ್ಕಿ ಹಿಂದೆಲ್ಲ ಕೆಂಪಾಗಿತ್ತು. ಅಜ್ಜಿ ಮಲಬದ್ಧತೆ ಅಂತ ಹರಳೆಣ್ಣೆ ಹಾಕಿದರು. ನಾನು ಬೂದಿ ಮುಟ್ಟಿ ನೋಡಿದೆ. ಒಣಗಿತ್ತು. ಬೇರೆ ಕಡೆ ಮುಟ್ಟಿದೆ, ಅಲ್ಲೂ ಒಣಗಿತ್ತು. ರಸ್ತೆಗೆ ಮರ ಬಿದ್ದು ಮೂಡಿಗೆರೆಗೆ ಬಸ್ಸಿಲ್ಲ. ರಾತ್ರಿಯೆಲ್ಲ ಗಂಟಲಲ್ಲೇ ಕೂಗಿದ. ಬೆಳಗ್ಗೆ ಕೂಗು ನಿಂತಿತು. ವಾಂತಿ ಮಾಡಿ ಸೌದೆ ಹಿಂದೆ ಸೇರಿಕೊಂಡ. "ಗುಣ ಆಯ್ತು ನೋಡು, ತೆಪ್ಪಗೆ ಮಲಗಿದ" ಅಂದರು ಅಜ್ಜಿ. ಕೂಗುವುದಕ್ಕೂ ತ್ರಾಣ ಇರಲಿಲ್ಲ ಅಷ್ಟೆ.

ಗಂಡು ಬೆಕ್ಕಿನ ಮೂತ್ರದ ದಾರಿ ತೀರಾ ಸಪೂರ. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮುಗೀತು. ಹೊರಗೆ ಹೋಗಬೇಕಾದ ವಿಷವೆಲ್ಲ ರಕ್ತಕ್ಕೆ ಸೇರುತ್ತದೆ. ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲುತ್ತದೆ. ಇದಕ್ಕೆ ಒಂದೆರಡು ದಿನ ಸಾಕು. ಡಾಕ್ಟರು ಸಣ್ಣ ನಳಿಗೆ ಹಾಕಿ ಬಿಡಿಸುತ್ತಾರೆ, ಮನೆಮದ್ದು ನಡೆಯೋದಿಲ್ಲ. ಹೊಟ್ಟೆ ಒತ್ತಿ ನೋಡಬೇಡ, ತುಂಬಿದ ಮೂತ್ರಚೀಲ ಒಡೆಯಬಹುದು.

ಮೊದಲು ಎದ್ದು ಟ್ರೇ ನೋಡು. ಮರಳು ಒದ್ದೆಯಾಗಿದೆಯಾ? ಇಲ್ಲದಿದ್ದರೆ ಈಗಲೇ ಹೊರಡು. ಒದ್ದೆ ಇದ್ದರೂ ಇವತ್ತೇ ತೋರಿಸು. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಮುನಿಸು ಅಂತ ಬಿಡಬಾರದು. ಬಂಟಿಯ ಹಾಗೆ ದಪ್ಪಗಿರೋವು ಎರಡು ಮೂರು ದಿನ ಉಪವಾಸ ಬಿದ್ದರೆ ಕೊಬ್ಬು ಲಿವರಿಗೆ ಕೂರುತ್ತದೆ. ವಸಡು ಬಿಳಿಚಿದರೆ, ಹಳದಿಯಾದರೆ ಹುಷಾರು. ನಿದ್ದೆಯಲ್ಲಿದ್ದಾಗ ಉಸಿರು ಎಣಿಸು, ನಿಮಿಷಕ್ಕೆ 30 ದಾಟಬಾರದು. ಬಾಯಿ ತೆರೆದು ಏದುಸಿರು ಬಿಟ್ಟರಂತೂ ಚಪ್ಪಲಿ ಹುಡುಕುತ್ತಾ ನಿಲ್ಲಬೇಡ. ಮೈ ಬಿಸಿ ಅಂತ ಡೋಲೊ ಕೊಟ್ಟೀಯ! ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಭಾಷಣ ಆಯ್ತು, ಗೊತ್ತು. "ನಿನಗೆ ಬೆಕ್ಕು ಸಾಕೋ ಯೋಗ್ಯತೆ ಇಲ್ಲ" ಅಂದೆನಲ್ಲ, ಅದನ್ನು ವಾಪಸ್ ತಗೊಂಡೆ. ಜೋರು ಮಾಡಿದ್ದನ್ನಲ್ಲ. ರಾತ್ರಿ ಎದ್ದೆದ್ದು ಫಿಲ್ಲರಿನಲ್ಲಿ ಹಾಲು ಕುಡಿಸಿ ಆ ಮರಿಯನ್ನು ಉಳಿಸಿಕೊಂಡವಳು ನೀನು. ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಕೇಳಿದವರಿಗೆ ಸಾಕಾಗಿ ಹೋಗಿದೆ.

ನೀನಿರೋದು ಹಾಸನದಲ್ಲಿ. ಅಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಹಸು ಎಮ್ಮೆ ಮಾತ್ರ ಅಲ್ಲ, ಬೆಕ್ಕು ನಾಯಿಗಳನ್ನೂ ನೋಡುತ್ತಾರೆ. ಎಷ್ಟು ಹೊತ್ತಿನವರೆಗೆ ಇರ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳು. ಬಾಗಿಲು ಹಾಕಿದ್ದರೆ ಖಾಸಗಿ ಡಾಕ್ಟರು. ಬುಟ್ಟಿ ಮೇಲೆ ಹಳೇ ವೇಲು ಬಿಗಿಯಾಗಿ ಕಟ್ಟು, ಆಟೋದಲ್ಲಿ ಹಾರಿಬಿಟ್ಟಾನು. ದುಡ್ಡು ಹಾಕಿದ್ದೇನೆ. ಅಪ್ಪ ಕೇಳಿದರೆ ಗ್ಯಾಸಿಗೆ ಅನ್ನು.

ಅಮ್ಮ